ಗಿಡದ ಈಚೆಗೆ ಎದ್ದ ಗೋಡೆ

ಚಾಮರಾಜಪುರಂನ ಆ ಮೂಲೆಮನೆಯ ತಂತಿಬೇಲಿ ಮಳೆಗೆ ಮಲಗಿಬಿಟ್ಟಿತ್ತು. ಬೀದಿಯವರಿಗೆ ಹೂ ಕೀಳುವುದು ಇನ್ನೂ ಸಲೀಸಾಯಿತು. ಬೇಲಿಯ ಪಕ್ಕದ ನಂದಿಬಟ್ಟಲ ಗಿಡ ನೆಟ್ಟವರು ಶಾರದ. ಅವರು ತೀರಿಕೊಂಡು ಎಂಟು ತಿಂಗಳಾಗಿತ್ತು. ಈಗ ಮನೆಯಲ್ಲಿ ತಂಗಿ ಪ್ರೇಮಲೀಲಾ ಒಬ್ಬರೇ. ಹಾಲಿನವನಿಗೆ "ನಾಳೆಯೂ ಅರ್ಧ ಲೀಟರೇ ಸಾಕಪ್ಪ" ಅಂದರೆ ಅವರ ಆ ದಿನದ ಮಾತು ಮುಗಿಯಿತು. ಬೆಳಿಗ್ಗೆ ಕಿಟಕಿಯಾಚೆ ಕೊಂಬೆ ಬಗ್ಗಿಸುವ ಸದ್ದು ಕೇಳಿದರೆ ಕಿಟಕಿ ಮುಚ್ಚಿಬಿಡುತ್ತಿದ್ದರು. ಅಕ್ಕನ ಹೂ, ಯಾರ ಯಾರದೋ ಬುಟ್ಟಿಗೆ!

ಗಾರೆ ಕೆಲಸದ ಜವರಪ್ಪನನ್ನು ಕರೆಸಿದರು.

"ಆಳೆತ್ತರದ ಗೋಡೆ ಕಟ್ಟಿಬಿಡಪ್ಪ. ಗಿಡ ಒಳಗಿರಬೇಕು. ಯಾರ ಕೈಯೂ ಎಟುಕಬಾರದು."

"ಅದ್ಕೇನಮ್ಮ, ಎಂಟು ದಿನ್ದಲ್ಲಿ ಎಬ್ಬಿಸ್ಬುಡ್ತೀನಿ. ಈ ಬೀದೀಲಿ ಎಲ್ರೂ ಚರಂಡಿ ಕಲ್ಲಿಗೇ ದಾರ ಕಟ್ಟೋದು," ಎಂದು ಜವರಪ್ಪ ಗೋಡೆಯ ಗುರುತಿಗೆ ದಾರ ಎಳೆದೇಬಿಟ್ಟ.

ಎದುರುಮನೆಯ ಧರಣಿ ಮನೆಗಳ ನಕ್ಷೆ ಬರೆಯುವ ಹುಡುಗಿ. ಕೆಲಸಕ್ಕೆ ಹೊರಟವಳು ದಾರ ಕಂಡು ಸ್ಕೂಟರ್ ನಿಲ್ಲಿಸಿದಳು.

"ಆಂಟಿ, ಪರ್ಮಿಷನ್ ತಗೊಂಡ್ರಾ?"

"ಕಾಂಪೌಂಡಿಗೂ ಪರ್ಮಿಷನ್ನೇ? ನನ್ನ ಜಾಗ, ನನ್ನ ಇಟ್ಟಿಗೆ. ಕೆಮ್ಮೋದಕ್ಕೂ ಅರ್ಜಿ ಹಾಕಬೇಕೇನಮ್ಮ?"

"ಕೆಮ್ಮಿಗೆ ಬೇಡ ಆಂಟಿ, ಗೋಡೆಗೆ ಬೇಕು," ಧರಣಿ ನಕ್ಕಳು. "ಮೂಲೆಮನೆ ನಿಮ್ದು. ಆಳೆತ್ತರ ಎಬ್ಬಿಸಿದ್ರೆ ತಿರುವಲ್ಲಿ ಬರೋ ಸೈಕಲ್ ಮಕ್ಕಳು ಆಟೋದವ್ರಿಗೆ ಕಾಣಿಸ್ತಾರಾ? ಜಾಗ ಎಲ್ಲಿಗೆ ಮುಗಿಯುತ್ತೆ ಅಂತ ಪತ್ರ ನೋಡಿದ್ರಾ?"

"ಪತ್ರ ಯಾಕವ್ವ, ಕಲ್ಲು ಕಣ್ಮುಂದೇ ಐತಲ್ಲ!" ಎಂದ ಜವರಪ್ಪ.

"ಅದು ಚರಂಡಿ ಕಲ್ಲು ಕಣಣ್ಣ, ಸೈಟಿನ ಕಲ್ಲಲ್ಲ. ನಾಳೆ ಒಡೀರಿ ಅಂತ ನೋಟಿಸ್ ಬಂದ್ರೆ ನೀನು ಬರ್ತೀಯಾ?"

ಜವರಪ್ಪ ದಾರ ಸುತ್ತತೊಡಗಿದ.

ಅಕ್ಕನ ಟ್ರಂಕಿನಿಂದ ಕ್ರಯಪತ್ರ ಹೊರಬಂತು. ಧರಣಿ ಟೇಪು ಹಿಡಿದು ಅಳೆದಳು. ಮನೆಯ ಜಾಗ ಗಿಡಕ್ಕಿಂತ ಒಂದು ಮೊಳ ಈಚೆಗೇ ಮುಗಿದಿತ್ತು. ಗಿಡ ಬೀದಿಯ ಪಾಲಿಗೆ ಉಳಿಯಿತು.

ಪ್ರೇಮಲೀಲಾ ಮೆಟ್ಟಿಲ ಮೇಲೆ ಕುಳಿತುಬಿಟ್ಟರು. "ಹಾಗಾದ್ರೆ ಅಕ್ಕನ ಗಿಡ ನಮ್ಮದಲ್ವಾ?"

ಧರಣಿಗೆ ಕೆಲಸಕ್ಕೆ ಹೊತ್ತಾಗಿತ್ತು. ಆದರೂ ಹೆಲ್ಮೆಟ್ ಕೆಳಗಿಟ್ಟು ಪಕ್ಕದಲ್ಲಿ ಕುಳಿತಳು.

ಅಷ್ಟರಲ್ಲಿ ಹಿಂದಿನ ಬೀದಿಯ ಸಿದ್ದಲಿಂಗಮ್ಮ ಹೂಬುಟ್ಟಿ ಹಿಡಿದು ಬಂದರು. ಇನ್ನೊಂದು ಕೈಯಲ್ಲಿ ನೀರಿನ ಚೆಂಬು. ವಿಷಯ ಕೇಳಿ ಹೇಳಿದರು: "ಶಾರದಮ್ಮೋರು ಬೇಕಂತ್ಲೇ ಅಂಚಿಗೆ ನೆಟ್ಟಿದ್ದು ಕಣ್ರವ್ವ. 'ಎಲ್ರಿಗೂ ಎಟುಕ್ಲಿ ಸಿದ್ದಲಿಂಗಿ, ಗೇಟು ತಟ್ಟಿ ಕೇಳೋ ಸಂಕೋಚ ಬ್ಯಾಡ' ಅಂದಿದ್ರು. ಅವ್ರು ಹೋದ್ಮ್ಯಾಕೆ ನಾನೇ ನೀರು ಹುಯ್ತಾ ಇವ್ನಿ."

ಎಂಟು ತಿಂಗಳಲ್ಲಿ ತಾವು ಒಂದು ಚೆಂಬು ನೀರನ್ನೂ ಹಾಕಿಲ್ಲವೆಂಬುದು ಪ್ರೇಮಲೀಲಾರಿಗೆ ಆಗ ಹೊಳೆಯಿತು. ಗಿಡ ಏಕೆ ಒಣಗಲಿಲ್ಲವೆಂದು ಅವರು ಕೇಳಿಕೊಂಡಿರಲೂ ಇಲ್ಲ.

"ಸಣ್ಣ ಗೋಡೆ ಸಾಕು ಧರಣಿ," ಎಂದರು. "ಗಿಡದ ಈಚೆಗೆ. ಅರ್ಜಿ ಬರೆದುಕೊಡು, ನಾನೇ ಹೋಗಿ ಕೊಡ್ತೀನಿ."

ನಕ್ಷೆ, ಕ್ರಯಪತ್ರದ ನಕಲು, ಕಂದಾಯದ ರಸೀದಿ ಹಿಡಿದು ಪಾಲಿಕೆಯ ವಲಯ ಕಚೇರಿಗೆ ಹೋದರು. ಇಂಜಿನಿಯರ್ ಬಂದು ಜಾಗ ನೋಡಿದರು. ಒಪ್ಪಿಗೆ ಕೈಗೆ ಬಂದ ಮೇಲೆಯೇ ಜವರಪ್ಪ ಮತ್ತೆ ದಾರ ಎಳೆದ. ಸೊಂಟದೆತ್ತರದ ಗೋಡೆ ಎದ್ದಿತು.

ಈಗ ದಿನಾ ಬೆಳಿಗ್ಗೆ ಆ ಗೋಡೆಯ ಮೇಲೆ ಬಾಳೆಲೆಯ ಚೂರಿನಲ್ಲಿ ಒಂದು ಹಿಡಿ ಹೂವಿರುತ್ತದೆ. "ಶಾರದಮ್ಮೋರ ಪಟಕ್ಕೆ ಕಣ್ರವ್ವ," ಎನ್ನುತ್ತಾರೆ ಸಿದ್ದಲಿಂಗಮ್ಮ. ಗೋಡೆಯ ಆಚೆ ಈಚೆ ನಿಂತು ನಾಲ್ಕು ಮಾತಾಗುತ್ತದೆ. ಒಳಗೆ ಬಂದರೆ ಮನೆ ಮೊದಲಿನಷ್ಟೇ ಮೌನ. ಹೂ ಮಾತ್ರ ಇನ್ನೂ ಒದ್ದೆಯಾಗಿರುತ್ತದೆ.

ನೀವೂ ಬೇಲಿಯನ್ನೋ ಕಾಂಪೌಂಡನ್ನೋ ಕಟ್ಟಿಸುವವರಿದ್ದೀರಾ? ಮೊದಲು ಪತ್ರ ತೆಗೆದು ಜಾಗ ಅಳೆಸಿ. ಪಕ್ಕದವರ ಗೋಡೆ ನೋಡಿ ದಾರ ಕಟ್ಟಬೇಡಿ. ಎತ್ತರ ಎಷ್ಟಿರಬಹುದು, ಮೂಲೆಮನೆಗೆ ಏನು ನಿಯಮ ಎಂದು ನಿಮ್ಮ ವಲಯ ಕಚೇರಿಯಲ್ಲಿ ಕೇಳಿ, ಒಪ್ಪಿಗೆ ಪಡೆದೇ ಕೆಲಸ ಹಿಡಿಯಿರಿ. ಚರಂಡಿಯೂ ತಿರುವೂ ಎಲ್ಲರವು. ಇಟ್ಟಿಗೆ ಇಳಿಸುವ ಮುಂಚೆ ಒಮ್ಮೆ ಆಚೆ ಇಣುಕಿ ನೋಡಿ: ನಿಮ್ಮ ಗಿಡಕ್ಕೆ ಅಲ್ಲಿ ಯಾರಾದರೂ ನೀರೆರೆಯುತ್ತಿರಬಹುದು.