ಬುಧವಾರದ ಕ್ರಾಸ್ ಯಾವುದು?

ಅಜ್ಜಿ ಹೇಳುವ ಕಥೆಯಲ್ಲಿ ರಾಜಕುಮಾರ ಮೂರು ದಾರಿ ಕೂಡುವ ಕಡೆ ಬಂದು ನಿಂತರೆ, ಎಲ್ಲಿಂದಲೋ ಒಂದು ಹಕ್ಕಿ ಹಾರಿಬಂದು ದಾರಿ ಹೇಳುತ್ತದೆ. ಹಂಗಳದ ಮಂಗಳಗೌರಿಯ ಮುಂದೆ ಇದ್ದದ್ದು ಮೂರು ಕಾಗದ. ಹಕ್ಕಿ ಬರಲಿಲ್ಲ.

ಮೈಸೂರಿನ ಮ್ಯಾರಥಾನ್‌ಗೆ ಇನ್ನು ಹದಿನೆಂಟು ವಾರ. ನಲವತ್ತೆರಡು ಕಿಲೋಮೀಟರ್ ಓಟಕ್ಕೆ ಗೌರಿ ಹೆಸರು ಕೊಟ್ಟಾಗಿತ್ತು. ಹೈಸ್ಕೂಲಿನಲ್ಲಿ ಓಡುತ್ತಿದ್ದವಳು ಮದುವೆಯಾದ ಮೇಲೆ ಆರು ವರ್ಷ ಬಿಟ್ಟು, ಹೋದ ವರ್ಷ ಮತ್ತೆ ಶುರುಮಾಡಿದ್ದಳು. ಓಡುವಾಗ ಗೋಪಾಲಸ್ವಾಮಿ ಬೆಟ್ಟದ ಮಂಜು ತನ್ನ ಜೊತೆಗೇ ಓಡಿಬಂದ ಹಾಗೆ ಅನ್ನಿಸುತ್ತಿತ್ತು ಅವಳಿಗೆ. ಅತ್ತೆ ಬಸವಮ್ಮ ಒಂದು ಷರತ್ತಿಟ್ಟೇ ಒಪ್ಪಿದ್ದರು.

"ಓಡು, ಬ್ಯಾಡ ಅನ್ನಕಿಲ್ಲ. ಕಾಲು ನೋವು ಅಂತ ಒಂದಿನ ಕುಂತ್ಕಂಡೆ ಅನ್ನು, ಅವತ್ತಿಗೆ ಮುಗೀತು ನಿನ್ನ ಓಟ."

ಮೊದಲನೆಯ ಕಾಗದ ಪಕ್ಕದ ಮನೆಯ ಚಂದ್ರಕುಮಾರನದು. ಪೊಲೀಸ್ ಸೆಲೆಕ್ಷನ್‌ಗೆ ಓಡಿದ್ದವನು, ತಿಳಿದಷ್ಟು ಬರೆದುಕೊಟ್ಟಿದ್ದ: ದಿನಾ ಹತ್ತು ಕಿಲೋಮೀಟರ್, ರಜ ಇಲ್ಲ. ಎರಡನೆಯದು ಫೋನಿಗೆ ಬಂದದ್ದರ ಪ್ರಿಂಟ್: ಹನ್ನೆರಡೇ ವಾರದಲ್ಲಿ ಮ್ಯಾರಥಾನ್. ಅದರ ಮೊದಲ ಭಾನುವಾರವೇ ಹದಿನಾರು ಕಿಲೋಮೀಟರ್. ಗೌರಿ ಹುಟ್ಟಿದಾಗಿನಿಂದ ಅಷ್ಟು ದೂರ ಓಡಿರಲಿಲ್ಲ. ಮೂರನೆಯದೂ ಪ್ರಿಂಟೇ, ಓಟಗಾರರ ವಾಟ್ಸಾಪ್ ಗುಂಪಿನದು. ವಾರಕ್ಕೆ ನಾಲ್ಕು ದಿನ ಓಟ, ಸೋಮವಾರ ವಿಶ್ರಾಂತಿ. ಬುಧವಾರ, ಶನಿವಾರ 'ಕ್ರಾಸ್ ಟ್ರೈನಿಂಗ್, ೪೫ ನಿಮಿಷ'.

"ಓಡಕ್ಕೂ ಪೇಪರ್ ಬೇಕೇನಮ್ಮಿ?" ಬಸವಮ್ಮ ಕೇಳಿದರು. "ಆನೆ ಅಟ್ಟಿಸ್ಕಂಡ್ ಬಂದಾಗ ಯಾರ್ ಪೇಪರ್ ನೋಡ್ಕಂಡ್ ಓಡಾರು?"

ಗೌರಿ ಮೂರನ್ನೂ ಹಾಸಿಕೊಂಡು ಕೂತಳು. ಒಂದು ಓದಿದರೆ ಇನ್ನೊಂದು ಸುಳ್ಳು ಅನ್ನಿಸುತ್ತಿತ್ತು. ಕೊನೆಗೆ ಮೂರನೆಯದನ್ನೇ ಗೋಡೆಗೆ ಅಂಟಿಸಿದಳು. ಅದರಲ್ಲಿ ಒಂದು ದಿನವಾದರೂ ರಜ ಇತ್ತಲ್ಲ.

ಆದರೆ ಈ ಕ್ರಾಸ್? ಹಂಗಳದವರಿಗೆ ಕ್ರಾಸ್ ಅಂದರೆ ಒಂದೇ, ಊಟಿ ರಸ್ತೆಯಿಂದ ಬೆಟ್ಟದ ದಾರಿ ಒಡೆಯುವ ಜಾಗ. ಅದು ಆ ಕಾಗದ ಬರೆದವರಿಗೆ ಹೇಗೆ ಗೊತ್ತಾಯಿತು ಎಂದು ಅವಳಿಗೆ ಗಲಿಬಿಲಿಯಾಯಿತು. ಎಲ್ಲಾ ಊರಿಗೂ ಒಂದು ಕ್ರಾಸ್ ಇರುತ್ತದಲ್ಲ, ಅವರವರ ಕ್ರಾಸಿಗೆ ಅವರವರು ಓಡಬೇಕೇನೋ ಎಂದುಕೊಂಡಳು. ಗುಂಪಿನಲ್ಲಿ ಕೇಳೋಣವೆಂದರೆ, ಇಷ್ಟೂ ತಿಳಿಯದವಳು ಅಂದಾರೆಂಬ ನಾಚಿಕೆ.

ಹಾಗಾಗಿ ಬುಧವಾರ, ಶನಿವಾರ ಅವಳು ಕ್ರಾಸಿಗೆ ಓಡಿದಳು. ಹೋಗಲು ಹತ್ತೇ ನಿಮಿಷ. ನಲವತ್ತೈದು ತುಂಬಬೇಕಲ್ಲ, ಹೋಗಿ ಬಂದು, ಮತ್ತೆ ಹೋಗಿ ಬಂದಳು. ಕ್ರಾಸಿನ ಟೀ ಅಂಗಡಿಯ ಪುಟ್ಟಬಸಪ್ಪ ಕನಿಕರದಿಂದ ಕೇಳಿದ. "ಯಾವ ಬಸ್ಸು ತಪ್ಪೋಯ್ತವ್ವ?"

ಐದನೇ ವಾರ ಮೊಣಕಾಲಿನ ಕೆಳಗೆ, ಕಣಕಾಲಿನ ಮುಂಭಾಗದ ಮೂಳೆಯ ಉದ್ದಕ್ಕೂ ನೋವು ಹಿಡಿಯಿತು. ಗೌರಿ ಬಾಯಿ ಬಿಡಲಿಲ್ಲ. ಆದರೆ ಚೆಂಡುಹೂವು ಕೀಳುವಾಗ ಅವಳು ಕುಂಟುವುದು ಬಸವಮ್ಮನ ಕಣ್ಣಿಗೆ ಬಿತ್ತು.

"ನಡಿ, ಗುಂಡ್ಲುಪೇಟೆಗೆ ಓಗನ. ಓಡಬ್ಯಾಡ ಅಂತ ಅಬೀಬಮ್ಮನ ಬಾಯಲ್ಲೇ ಅನ್ನುಸ್ತೀನಿ."

ಉಮ್ಮೆ ಹಬೀಬಾ ಗೌರಿಯ ಹೈಸ್ಕೂಲ್ ಗೆಳತಿ. ಟೈಲರ್ ಗುಲಾಮ್ ಮೊಹಿದ್ದೀನರ ಮಗಳು, ಈಗ ಗುಂಡ್ಲುಪೇಟೆಯಲ್ಲಿ ಫಿಸಿಯೋಥೆರಪಿಸ್ಟ್. ಅವಳು ಮೂಳೆಯ ಉದ್ದಕ್ಕೂ ಬೆರಳಿಂದ ಒತ್ತಿ ನೋಡಿದಳು.

"ಒಂದೇ ಚುಕ್ಕೇಲಿ ನೋವಿದ್ದಿದ್ರೆ ಮೂಳೆ ಬಿರುಕು ಬಿಟ್ಟಿದ್ಯಾ ಅಂತ ಎಕ್ಸ್‌ರೇಗೆ ಕಳಿಸ್ತಿದ್ದೆ. ಸದ್ಯ ಅಷ್ಟಾಗಿಲ್ಲ. ವಾರಕ್ಕೆ ಎಷ್ಟು ದಿನ ಓಡ್ತೀಯ?"

ಗೌರಿ ಫೋನಿನಲ್ಲಿ ಪ್ಲಾನ್ ತೋರಿಸಿದಳು.

"ನಾಲ್ಕೇ ದಿನ ಇದೆಯಲ್ಲೆ. ಬುಧವಾರ ಏನ್ಮಾಡ್ತೀಯ?"

"ಕ್ರಾಸಿಗೆ ಓಡ್ತೀನಿ."

"ಯಾವ ಕ್ರಾಸು?"

"ನಮ್ ಬೆಟ್ಟದ ಕ್ರಾಸು."

ಹಬೀಬಾ ದುಪಟ್ಟಾದಲ್ಲಿ ಮುಖ ಮುಚ್ಚಿಕೊಂಡು ನಕ್ಕಳು. "ತಪ್ಪು ನಿಂದಲ್ಲ ಬಿಡು, ಆ ಹೆಸರಿಟ್ಟೋರದು. ಕ್ರಾಸ್ ಟ್ರೈನಿಂಗ್ ಅಂದ್ರೆ ಓಟ ಬಿಟ್ಟು ಬೇರೆ ವ್ಯಾಯಾಮ. ಸೈಕಲ್, ಈಜು, ಸೊಂಟಕ್ಕೂ ತೊಡೆಗೂ ಬಲ ಕೊಡೋ ಕಸರತ್ತು. ಆ ಎರಡು ದಿನ ಕಾಲಿಗೆ ಓಟದ ಪೆಟ್ಟು ಬೀಳಬಾರದು ಅಂತಾನೇ ಇಟ್ಟಿರೋದು. ನೀನು ಆರು ದಿನ ಪೆಟ್ಟು ಕೊಟ್ಟಿದ್ದೀಯ."

"ಓಡೋ ಪಂದ್ಯಕ್ಕೆ ಸೈಕಲ್ ತುಳಿಯೋದಾ?" ಬಸವಮ್ಮನಿಗೆ ನಂಬಿಕೆ ಬರಲಿಲ್ಲ. "ಇದೆಂತಾ ಲೆಕ್ಕವ್ವ?"

"ಅಮ್ಮ, ಒಂದೇ ಹೊಲಕ್ಕೆ ಬೆಳೆ ಮೇಲೆ ಬೆಳೆ ಚೆಂಡುಹೂವೇ ಹಾಕ್ತೀರಾ?"

"ಎಲ್ಲಾರ ಉಂಟಾ. ಮಣ್ಣು ಸೋತೋಯ್ತದೆ. ಮಧ್ಯದಲ್ಲಿ ಉಳ್ಳಿ ಹಾಕ್ತೀವಿ."

"ಹುರುಳಿ ಹಾಕಿದಾಗ ಹೊಲ ಸುಮ್ನೆ ಬಿದ್ದಿರುತ್ತಾ?"

ಬಸವಮ್ಮ ಸೊಸೆಯ ಕಾಲನ್ನು ಹೊಲ ನೋಡುವ ಹಾಗೆ ನೋಡಿದರು.

"ಹಾಗಾದ್ರೆ ಕಳೆ ಕೀಳೋದೂ ಕ್ರಾಸ್ ಟ್ರೈನಿಂಗಾ?" ಗೌರಿಗೆ ಇನ್ನೂ ಗೊಂದಲ.

"ಅದು ದಣಿವು, ಗೌರಿ. ಅದನ್ನೂ ಲೆಕ್ಕಕ್ಕೆ ಇಟ್ಕೋ. ಹೊಲದಲ್ಲಿ ಬಗ್ಗಿ ದುಡಿದ ಮಾರನೇ ದಿನ ಓಟ ಹಗುರಾಗಿರಲಿ. ಈಗ ಎರಡು ವಾರ ಓಟ ಬೇಡ. ನೋವಾಗದೇ ಇದ್ರೆ ಸೈಕಲ್ ತುಳಿ. ಆಮೇಲೆ ಬಂದು ತೋರಿಸು."

"ನಲವತ್ತೆರಡು?"

ಹಬೀಬಾ ಪ್ಲಾನಿನಲ್ಲಿ ಉಳಿದ ವಾರಗಳನ್ನು ಎಣಿಸಿದಳು. "ಈ ಸಲ ಇಪ್ಪತ್ತೊಂದಕ್ಕೆ ಹೆಸರು ಬದಲಾಯಿಸ್ಕೋ. ಹಟ ಮಾಡಿದ್ರೆ ಓಡಬಹುದೇನೋ, ಆಮೇಲೆ ವರ್ಷವೆಲ್ಲ ಕುಂಟಬೇಕಾಗುತ್ತೆ."

ಬಸ್ಸಿನಲ್ಲಿ ಗೌರಿ ಕಿಟಕಿಯ ಕಡೆ ಮುಖ ಮಾಡಿ ಕೂತಳು. ಇಪ್ಪತ್ತೊಂದು ಅಂದರೆ ಅರ್ಧ. ಇಷ್ಟು ದಿನ ಕನಸಿನಲ್ಲಿ ಓಡಿದ್ದ ದಾರಿ ಅರ್ಧಕ್ಕೇ ತುಂಡಾಗಿತ್ತು. ಮೇಲಾಗಿ ಕಾಲು ನೋವು ಅತ್ತೆಗೆ ತಿಳಿದಾಗಿದೆ. ಇನ್ನು ಅರ್ಧಕ್ಕಾದರೂ ಬಿಡುತ್ತಾರೋ ಇಲ್ಲವೋ. ಹೊರಗೆ ಯಾವ ಊರು ಸರಿಯುತ್ತಿದೆ ಎಂಬುದೂ ಅವಳಿಗೆ ತಿಳಿಯಲಿಲ್ಲ.

ಬಸವಮ್ಮ ಮೊಣಕೈಯಿಂದ ತಿವಿದರು.

"ಎದುರುಮನೆ ನಾಗರತ್ನನ ಮಗಳ ಸ್ಕೂಲ್ ಸೈಕಲ್ಲು ಅವರ ಕೊಟ್ಟಿಗೇಲಿ ಸುಮ್ಕೆ ಬಿದ್ದದೆ. ಕೇಳನಾ?"

ಗೌರಿ ತಿರುಗಿ ನೋಡಿದಳು.

"ಅಂಗ್ಯಾಕ್ ನೋಡೀಯೆ? ಅರ್ಧ ಓಡು ಈಗ. ಪೂರ್ತಿ ಓಡೋ ವರ್ಷ ನಾನೂ ಮೈಸೂರಿಗೆ ಬತ್ತೀನಿ."

ಓಡುವ ಆಸೆಯ ಅಕ್ಕತಂಗಿಯರೆ, ಅಣ್ಣತಮ್ಮಂದಿರೆ, ಗೌರಿ ಆ ವರ್ಷ ಇಪ್ಪತ್ತೊಂದು ಕಿಲೋಮೀಟರನ್ನು ನೋವಿಲ್ಲದೆ ಓಡಿ ಮುಗಿಸಿದಳು. ನೀವು ಪ್ಲಾನ್ ಆರಿಸುವಾಗ ಇಷ್ಟು ನೋಡಿ. ಅದರ ಮೊದಲ ವಾರ, ನೀವು ಈಗ ಓಡುತ್ತಿರುವಷ್ಟಕ್ಕೆ ಹತ್ತಿರವಿರಬೇಕು. ದೂರ ವಾರವಾರಕ್ಕೂ ಸ್ವಲ್ಪಸ್ವಲ್ಪವೇ ಏರಬೇಕು. ವಾರದಲ್ಲಿ ಒಂದು ದಿನ ಪೂರ್ತಿ ವಿಶ್ರಾಂತಿ, ಒಂದೆರಡು ದಿನ ಓಟವಲ್ಲದ ವ್ಯಾಯಾಮ ಇರಲೇಬೇಕು. ಮೂಳೆ ನೋಯುತ್ತಿದ್ದರೆ ಮುಚ್ಚಿಡದೆ ಅಂದೇ ನಿಲ್ಲಿಸಿ, ತಿಳಿದವರಿಗೆ ತೋರಿಸಿ. ಮ್ಯಾರಥಾನ್ ಮುಂದಿನ ವರ್ಷವೂ ನಡೆಯುತ್ತದೆ. ಅಲ್ಲಿಯವರೆಗೆ ಕಾಲು ಜೋಪಾನ.