ಎರಡು ಅಂಗಡಿ ದಾಟಿದರೆ

ಬಾಯಲ್ಲಿ ಗುಂಡುಪಿನ್ನು ಕಚ್ಚಿಕೊಂಡವರನ್ನು ಯಾರೂ ಮಾತಾಡಿಸುವುದಿಲ್ಲ. ಅತ್ತಿಗೆ ಇದನ್ನು ಕಂಡುಕೊಂಡು ಎರಡು ವರ್ಷವಾಗಿತ್ತು. ಗಿರಾಕಿ ಹೊಸ್ತಿಲು ತುಳಿದ ಕೂಡಲೇ ಮೂರು ಪಿನ್ನು ತುಟಿಗಳ ನಡುವೆ ಸಿಕ್ಕಿಸಿಕೊಂಡು, ಮೂಗಿನಲ್ಲಿ ಎಳೆದ ಉಸಿರನ್ನು ತುಟಿಯ ಸಂದಿಯಿಂದ ನಿಧಾನವಾಗಿ ಬಿಡುತ್ತಾ, ಹೂಂ, ಊಹೂಂ ಎನ್ನುತ್ತಾ ಅಳತೆ ತೆಗೆದರೆ, ಎಂಥ ತನ್ಮಯತೆ ಎಂದು ಗಿರಾಕಿಗಳು ತಲೆದೂಗುತ್ತಿದ್ದರು. ಏದುಸಿರು ಅಂತ ಒಬ್ಬರಿಗೂ ಹೊಳೆಯಲಿಲ್ಲ.

ಬೀದಿಯಲ್ಲಿ ಬೇರೆ ಉಪಾಯಗಳಿದ್ದವು. ಚಪ್ಪಲಿ ಅಂಗಡಿಯ ಗಾಜಿನ ಮುಂದೆ ನಿಲ್ಲುವುದು. ಮೆಟ್ಟಿಲ ಮೇಲೆ ನಿಂತು ಚೀಲದಲ್ಲಿ ಫೋನು ತಡಕುವುದು.

"ಅತ್ತಿಗೆ, ಆ ಚಪ್ಪಲಿಯವನು ನಿಮ್ಮ ಹತ್ರ ಬಾಡಿಗೆ ಕೇಳ್ತಾನೆ ನೋಡಿ. ದಿನಾ ನಿಲ್ತೀರಿ, ಒಂದು ಜೊತೆನೂ ತಗೊಳಲ್ಲ," ಎಂದು ನಾದಿನಿ ಚುಡಾಯಿಸುತ್ತಿದ್ದಳು.

"ನೋಡೋಕೆ ದುಡ್ಡು ಕೊಡಬೇಕೇನೆ?" ಎನ್ನುವಷ್ಟು ಉಸಿರು ಅಷ್ಟರಲ್ಲಿ ಒದಗಿರುತ್ತಿತ್ತು.

ಇಪ್ಪತ್ತೆರಡು ವರ್ಷದಿಂದ ಅಂಗಡಿ ಅವರಿಬ್ಬರದೇ. ಕತ್ತರಿಸುವುದು ಅತ್ತಿಗೆ, ಹೊಲಿಯುವುದು ನಾದಿನಿ. ಶಾಲೆಯ ಸಮವಸ್ತ್ರ, ಹೋಟೆಲಿನವರ ಕೋಟು, ನರ್ಸುಗಳ ಗೌನು. ಹಿಂದಿನ ಕೋಣೆಯಲ್ಲಿ ಲೆಕ್ಕ ಬರೆಯುತ್ತಾ ಕೂತಿರುತ್ತಿದ್ದ ಅತ್ತಿಗೆಯ ಗಂಡ, ಎಂದರೆ ನಾದಿನಿಯ ಅಣ್ಣ, ಮೂವತ್ತು ವರ್ಷ ಸಿಗರೇಟು ಸುಟ್ಟ. ಅರ್ಧ ಅವನು ಸೇದಿದ, ಉಳಿದರ್ಧ ಅತ್ತಿಗೆಯ ಪಾಲಿಗೆ ಬಂತು. ಅದರ ಮೇಲೆ ಬಟ್ಟೆಯ ನವಿರು ಧೂಳು ಬೇರೆ.

ಅವನು ಹೋಗಿ ಐದು ವರ್ಷ. ಕೊನೆಯ ನಾಲ್ಕು ತಿಂಗಳು ನಡುಮನೆಯಲ್ಲಿ ಆಮ್ಲಜನಕದ ಯಂತ್ರ ಗುಂಯ್‌ಗುಡುತ್ತಿತ್ತು. ಅದರ ಕೊಳವೆ ಎಷ್ಟು ಉದ್ದವೋ ಅವನ ಲೋಕ ಅಷ್ಟೇ ಉದ್ದ. ಅತ್ತಿಗೆ, ನಾದಿನಿ ಪಾಳಿ ಹಾಕಿಕೊಂಡು ನೋಡಿಕೊಂಡರು. ಎಲ್ಲ ಮುಗಿದ ಮೇಲೆ ಅವನ ಹಾಸಿಗೆಯ ಬಟ್ಟೆ ಮಡಚುತ್ತಾ ನಾದಿನಿ, "ಇನ್ನೊಂದು ಸಲ ಇದು ನನ್ನ ಕೈಲಾಗಲ್ಲ ಅತ್ತಿಗೆ," ಅಂದಿದ್ದಳು. ಅತ್ತಿಗೆ ಆ ಮಾತನ್ನು ಗಂಟು ಹಾಕಿಟ್ಟುಕೊಂಡರು. ತಮ್ಮ ಉಸಿರು ಮೊದಲ ಸಲ ಕೈಕೊಟ್ಟ ದಿನವೇ, ಇದು ಇವಳಿಗೆ ಗೊತ್ತಾಗಕೂಡದು ಎಂದು ತೀರ್ಮಾನಿಸಿದರು.

ಚಳಿಗಾಲದ ಕೆಮ್ಮು ಮೂರು ತಿಂಗಳಾದರೂ ಬಿಡದಿದ್ದಾಗ ನಾದಿನಿಯೇ ದೊಡ್ಡಾಸ್ಪತ್ರೆಗೆ ಎಳೆದೊಯ್ದಳು. ಕೊಳವೆಗೆ ಜೋರಾಗಿ ಊದಿಸಿದರು, ರಕ್ತ ತೆಗೆದರು, ಮನೆಯಲ್ಲಿ ತುಂಬಿಕೊಂಡು ಬನ್ನಿ ಎಂದು ನಾಲ್ಕು ಪುಟದ ಪ್ರಶ್ನೆಗಳನ್ನು ಕೊಟ್ಟರು. ಕತ್ತರಿಸುವ ಮೇಜಿನ ಮುಂದೆ ನಿಂತು ಅತ್ತಿಗೆ ಉತ್ತರ ಹೇಳಿದರು, ಹೊಲಿಗೆ ಯಂತ್ರದ ಮುಂದೆ ಕೂತು ನಾದಿನಿ ಬರೆದುಕೊಂಡಳು.

"ಎಷ್ಟು ದೂರ ನಡೆದರೆ ನಿಲ್ಲಬೇಕಾಗುತ್ತೆ ಅಂತೆ."

"ನಿಲ್ಲೋದೇ ಇಲ್ಲ ಅಂತ ಬರಿ."

"ಮೆಟ್ಟಿಲು?"

"ಎರಡು ಮಹಡಿ. ಆರಾಮಾಗಿ."

ನಾದಿನಿ ತಲೆ ಎತ್ತದೆ ಬರೆದಳು.

ಮುಂದಿನ ವಾರ ಡಾಕ್ಟರಮ್ಮ ಆ ಹಾಳೆಗಳನ್ನು ಮೇಜಿನ ಮೇಲೆ ಹರಡಿದರು. ಚಿಕ್ಕ ವಯಸ್ಸಿನವರು, ಸಮಾಧಾನದ ಮಾತು.

"ಸಮತಟ್ಟಾದ ರಸ್ತೆಯಲ್ಲಿ, 'ಎರಡು ಅಂಗಡಿ ದಾಟಿದರೆ ನಿಲ್ಲಬೇಕು' ಅಂತ ಬರೆದಿದ್ದೀರಿ. ಸರೀನಾ?"

ಅತ್ತಿಗೆಗೆ ಅರ್ಥವಾಗಲಿಲ್ಲ.

"ಮೆಟ್ಟಿಲಿನ ಹತ್ರ, 'ಐದಕ್ಕೊಮ್ಮೆ ನಿಂತು, ಬಾರದ ಫೋನು ಹುಡುಕುತ್ತಾರೆ' ಅಂತಿದೆ." ಡಾಕ್ಟರಮ್ಮ ನಗು ತಡೆದುಕೊಂಡರು. "'ಗಿರಾಕಿ ಬಂದರೆ ಪಿನ್ನು ಕಚ್ಚುತ್ತಾರೆ.' ಇದು ನನಗೆ ತಿಳೀಲಿಲ್ಲ."

ಅತ್ತಿಗೆ ನಾದಿನಿಯತ್ತ ತಿರುಗಿದರು. ಅವಳು ಗೋಡೆಯ ಮೇಲಿನ ಶ್ವಾಸಕೋಶದ ಚಿತ್ರವನ್ನು ಪರೀಕ್ಷೆಗೆ ಓದುವವಳಂತೆ ನೋಡುತ್ತಿದ್ದಳು.

"ನಾನು ಹೇಳಿದ್ದೇನು, ನೀನು ಬರೆದಿದ್ದೇನು?"

"ಹೊಟ್ಟೆ ಒಳಗೆಳ್ಕೊಂಡು ಅಳತೆ ಕೊಟ್ರೆ ಬಟ್ಟೆ ನಿಮಗೆ ಹೊಲೀಬೇಕೋ, ನಿಮ್ಮ ತಂಗಿಗೋ ಅಂತ ಗಿರಾಕಿಗಳಿಗೆ ಬೈಯೋರು ಯಾರು? ನೀವೇ ತಾನೇ?"

"ಯಾವಾಗಿಂದ ಗೊತ್ತು ನಿನಗೆ?"

"ಅಣ್ಣನೂ ಹೀಗೇ ನಿಲ್ತಿದ್ದ ಅತ್ತಿಗೆ. ಅವನದು ಪೇಪರ್ ಅಂಗಡಿ, ನಿಮ್ಮದು ಚಪ್ಪಲಿ ಅಂಗಡಿ."

ಅತ್ತಿಗೆಯ ಮುಖ ಬಿಸಿಯಾಯಿತು. ಸಿಟ್ಟು ಬಂದಾಗ ಉಸಿರು ಇನ್ನೂ ಮೊಟಕಾಗುತ್ತದೆ. ಹೇಳಬೇಕಾದ್ದು ತುಂಡುತುಂಡಾಗಿ ಹೊರಬಿತ್ತು. "ಇನ್ನೊಂದು ಸಲ... ಕೈಲಾಗಲ್ಲ ಅಂದಿದ್ದೆ ನೀನು."

"ಯಾವಾಗ?" ನಾದಿನಿ ನಿಜಕ್ಕೂ ಯೋಚಿಸಿದಳು. "ಅಯ್ಯೋ, ಅವತ್ತಾ? ಹೋದ ತಿಂಗಳು ಇನ್ಮೇಲೆ ಗುಂಡಿಗೆ ಕಾಜ ಹೊಲಿಯೋದು ನನ್ನ ಕೈಲಾಗಲ್ಲ ಅಂದೆನಲ್ಲ, ಅದನ್ನ ಮಾತ್ರ ಕಿವಿಗೇ ಹಾಕ್ಕೊಳ್ಲಿಲ್ಲ ನೀವು."

ಇಬ್ಬರ ಮಾತೂ ಮುಗಿಯುವವರೆಗೆ ಡಾಕ್ಟರಮ್ಮ ಕಾದರು. ಊದಿದ ಪರೀಕ್ಷೆಯಲ್ಲಿ ಅತ್ತಿಗೆಗೆ ನೂರಕ್ಕೆ ಮೂವತ್ತೆಂಟು ಬಂದಿತ್ತು. "ಉಸಿರಾಟಕ್ಕೆ ತೊಂದರೆಯೇ ಇಲ್ಲ ಅಂತ ಬರೆದಿದ್ದರೆ ಒಂದು ಇನ್ಹೇಲರ್ ಕೊಟ್ಟು, ಆರು ತಿಂಗಳು ಬಿಟ್ಟು ಬನ್ನಿ ಅಂತ ಕಳಿಸಿಬಿಡ್ತಿದ್ದೆ," ಎಂದರು.

"ನೇರವಾಗಿ ಹೇಳಿಬಿಡಿ. ಆ ಯಂತ್ರ ಯಾವಾಗಿಂದ?" ಅತ್ತಿಗೆ ಕೇಳಿದರು.

"ಯಾವ ಯಂತ್ರ?"

"ಮೂಗಿಗೆ ಕೊಳವೆ ಹಾಕೋದು."

"ಅದು ರಕ್ತದಲ್ಲಿ ಆಮ್ಲಜನಕ ಕಮ್ಮಿಯಾದವರಿಗೆ. ನಿಮಗೆ ಸಾಕಷ್ಟಿದೆ. ಈಗ ತಂದಿಟ್ಟರೂ ನಿಮ್ಮ ಏದುಸಿರೇನೂ ಕಮ್ಮಿಯಾಗಲ್ಲ. ಮುಂದೆ ಬೇಕಾಗಬಹುದು, ಬೇಕಾಗದೆಯೂ ಇರಬಹುದು."

ಎರಡು ವರ್ಷ ಹೆದರಿದ್ದು ಯಾವುದಕ್ಕೋ ಅದು ಡಾಕ್ಟರಮ್ಮನ ಚಿಕಿತ್ಸೆಯ ಪಟ್ಟಿಯಲ್ಲೇ ಇರಲಿಲ್ಲ. ಅತ್ತಿಗೆಗೆ ಸಮಾಧಾನಕ್ಕಿಂತ ಮೊದಲು ಮೋಸ ಹೋದ ಹಾಗಾಯಿತು.

ಪಟ್ಟಿಯಲ್ಲಿದ್ದವು ಎರಡು. ಒಂದು, ವಾರಕ್ಕೆರಡು ದಿನದಂತೆ ಎಂಟು ವಾರ ಇಲ್ಲಿಗೆ ಬಂದು ವ್ಯಾಯಾಮ ಮಾಡುವುದು. ನಡಿಗೆ, ಕಾಲಿಗೆ ತೂಕ, ಉಸಿರು ಬಿಡುವ ಕ್ರಮ. ಇನ್ನೊಂದು, ಗಂಟಲಿನ ಮೂಲಕ ಕೊಳವೆ ಇಳಿಸಿ, ಕೆಟ್ಟು ಉಬ್ಬಿದ ಭಾಗಕ್ಕೆ ಗಾಳಿ ಹೋಗದಂತೆ ಪುಟ್ಟ ಕವಾಟ ಕೂರಿಸುವುದು. ಆಗ ಚೆನ್ನಾಗಿರುವ ಭಾಗಕ್ಕೆ ಎದೆಯೊಳಗೆ ಜಾಗ ಸಿಗುತ್ತದೆ. ಎಲ್ಲರಿಗೂ ಒಗ್ಗುವುದಿಲ್ಲ, ಸ್ಕ್ಯಾನ್ ಮಾಡಿ ನೋಡಬೇಕು. ಹೆಚ್ಚುಕಡಿಮೆ ನಾಲ್ವರಲ್ಲಿ ಒಬ್ಬರಿಗೆ ಶ್ವಾಸಕೋಶದಿಂದ ಗಾಳಿ ಸೋರಿ, ಆಸ್ಪತ್ರೆಯಲ್ಲೇ ಹೆಚ್ಚು ದಿನ ಉಳಿಯಬೇಕಾಗುತ್ತದೆ.

"ಹೋದದ್ದು ವಾಪಸ್ ಬರುತ್ತಾ?"

"ಇಲ್ಲ. ಇರೋದರಲ್ಲಿ ಚೆನ್ನಾಗಿ ಓಡಾಡಬಹುದು."

ಅತ್ತಿಗೆಗೆ ಕವಾಟದ ಮೇಲೆ ಮನಸ್ಸು ಹೋಯಿತು. ಒಂದೇ ಸಲಕ್ಕೆ ಮುಗಿಯುವಂಥದ್ದು. ಎಂಟು ವಾರದ ವ್ಯಾಯಾಮವೆಂದರೆ ಹತ್ತು ಜನ ರೋಗಿಗಳ ಎದುರು ಏದುಸಿರು ಬಿಡುತ್ತಾ ನಡೆಯುವುದು. ಅದೂ ಶಾಲೆ ಶುರುವಾಗುವ ಹೊತ್ತಿಗೆ, ಇನ್ನೂರು ಜೊತೆ ಸಮವಸ್ತ್ರ ಮೇಜಿನ ಮೇಲಿರುವಾಗ. ಆದರೆ ನಾಲ್ವರಲ್ಲಿ ಒಬ್ಬರು ಎಂಬ ಮಾತು ಕಾಲಿಗೆ ತೊಡರಿಕೊಂಡಿತು. ಕತ್ತರಿ ಹಾಕಿದ ಬಟ್ಟೆ ಮತ್ತೆ ಇಡಿಯಾಗುವುದಿಲ್ಲ. ಬೆಲೆಬಾಳುವ ಕೋಟಿಗೆ ಅವರು ಮೊದಲು ಕಚ್ಚಾ ಹೊಲಿಗೆ ಹಾಕಿ, ಗಿರಾಕಿಗೆ ತೊಡಿಸಿ ನೋಡದೆ ಮುಂದುವರಿದದ್ದೇ ಇಲ್ಲ.

"ನೀನೇನು ಹೇಳ್ತೀಯ?" ಎಂದು ನಾದಿನಿಯನ್ನು ಕೇಳಿದರು.

"ಬರೆದಿದ್ದೇ ಹೆಚ್ಚಾಯ್ತು. ಎದೆ ನಿಮ್ಮದು, ನೀವೇ ಹೇಳಿ."

"ಸಮವಸ್ತ್ರ ಯಾರು ಕತ್ತರಿಸ್ತಾರೆ?"

"ನೀವು ಕೂತ್ಕೊಂಡು ಗುರುತು ಹಾಕಿ, ನಾನು ಕತ್ತರಿಸ್ತೀನಿ. ಸೊಟ್ಟ ಹೋದ್ರೆ ಬೈಯಿರಿ. ಬೈಯೋದೂ ಶ್ವಾಸಕ್ಕೆ ವ್ಯಾಯಾಮವೇ ಅಲ್ವಾ ಡಾಕ್ಟ್ರೇ?"

ಡಾಕ್ಟರಮ್ಮ ಈ ಸಲ ನಗು ತಡೆಯಲಿಲ್ಲ. "ಪಿನ್ನು ಕಚ್ಚಿ ಉಸಿರು ಬಿಡೋದನ್ನ ತೋರಿಸಿ, ನೋಡೋಣ," ಎಂದರು. ಅತ್ತಿಗೆ ಬರಿ ತುಟಿಯನ್ನೇ ಕಿರಿದು ಮಾಡಿ ಬಿಟ್ಟು ತೋರಿಸಿದರು. "ಇದನ್ನೇ ನಾವು ಇಲ್ಲಿ ಕಲಿಸೋದು. ಪಿನ್ನು ಮಾತ್ರ ದಯವಿಟ್ಟು ಬೇಡ."

"ವ್ಯಾಯಾಮಕ್ಕೆ ಬರೆದುಕೊಳ್ಳಿ. ಸ್ಕ್ಯಾನಿಗೂ ಬರೀರಿ. ಕವಾಟದ ಮಾತು ಎಂಟು ವಾರ ಆದಮೇಲೆ," ಎಂದರು ಅತ್ತಿಗೆ.

ಮಂಗಳವಾರ, ಶುಕ್ರವಾರ, ಹನ್ನೊಂದು ಗಂಟೆ. ಚೀಟಿ ಹಿಡಿದು ಹೊರಗೆ ಬಂದಾಗ ಪಾದಚಾರಿ ದಾರಿಯ ತುಂಬ ಊಟದ ಹೊತ್ತಿನ ಜನ. ಒಂದು ಔಷಧದಂಗಡಿ, ಒಂದು ಹಣ್ಣಿನಂಗಡಿ ದಾಟಿದ್ದೇ ಅತ್ತಿಗೆಯ ಎದೆ ಬಿಗಿಯಿತು. ಪಕ್ಕದಲ್ಲಿ ನೋಡುವಂಥದ್ದೇನೂ ಇರಲಿಲ್ಲ, ಬರಿ ಗೋಡೆ. ಅವರು ದಾರಿಯ ನಡುವೆಯೇ ನಿಂತುಬಿಟ್ಟರು. ಸೊಂಟಕ್ಕೆ ಕೈಯಿಟ್ಟು, ಮುಂದಕ್ಕೆ ಬಾಗಿ, ಶಬ್ದವಾದರೂ ಆಗಲಿ ಎಂದು ಉಸಿರು ಬಿಟ್ಟರು.

ಹಿಂದಿನಿಂದ ಬಂದವನೊಬ್ಬ ಡಿಕ್ಕಿ ಹೊಡೆಯುವುದರಲ್ಲಿದ್ದ. "ಏನಮ್ಮಾ, ನಡುದಾರೀಲಿ..."

"ನಿಂತಿದ್ದಾರೆ, ಕಾಣಲ್ವಾ? ದಾರಿ ಇಷ್ಟಗಲ ಇದೆ, ಸುತ್ತಿ ಹೋಗಪ್ಪಾ," ಎಂದು ನಾದಿನಿ ಅತ್ತಿಗೆಯ ಪಕ್ಕದಲ್ಲೇ ಬೇರೂರಿ ನಿಂತಳು.

ಜನ ಸುತ್ತಿ ಹೋದರು.