ಕೊರಳಲ್ಲಿದ್ದಾಕಿ

ಮಾಲವ್ವ ದಾಂಡೇಲಿಗೆ ಎರಡನೇ ಹೆಂಡತಿಯಾಗಿ ಬಂದು ಆರು ವರ್ಷ. ಮೊದಲಿನಾಕಿ ದುರ್ಗವ್ವ ತೀರಿಹೋಗಿದ್ದಳು. ಸತ್ತಾಕಿ ಸಿಟ್ಟಾಗಬಾರದೆಂದು ಹಿರಿಯರು ಅವಳ ಹೆಸರಿನಲ್ಲೊಂದು ಬಂಗಾರದ ಪದಕ ಮಾಡಿಸಿ, ತಾಳಿಯ ಜೋಡಿ ಮಾಲವ್ವನ ಕೊರಳಿಗೆ ಪೋಣಿಸಿದ್ದರು.

ಗಂಡ ಪುಂಡಲೀಕ ಪೇಪರ್ ಮಿಲ್ಲಿನ ಕೆಲಸದವ. ಕುಡಿಯುವವನಲ್ಲ, ಬಡಿಯುವವನಲ್ಲ. ಮಾತೂ ಆಡುವವನಲ್ಲ. ಗೋಡೆಯ ಸಂಗಡ ಬಾಳೇವು ಮಾಡಿ ಸಾಕಾಗಿ ಮಾಲವ್ವ ತವರೂರು ಮಳಗಿಗೆ ಚೀಲ ಕಟ್ಟಿದಳು. ಗಾಬರಿಯಾಗಿ ಅವನೇ, ಗಂಡಹೆಂಡಿರನ್ನು ಕೂಡಿಸಿ ಮಾತಾಡಿಸುವ ಸ್ವಪ್ನಾ ಮೇಡಂ ಹತ್ತಿರ ಕರೆದೊಯ್ದ.

"ದಿನಾ ಸಂಜೀಕ ಹತ್ತು ಮಿನಿಟ ಎದುರುಬದುರು ಕುಂತು ಮಾತಾಡ್ರಿ. ಟಿವಿ ಇಲ್ಲ, ಮೊಬೈಲಿಲ್ಲ," ಅಂದರು ಮೇಡಂ.

ನಾಲ್ಕು ಸಂಜೆ ಅವನು ಗಡಿಯಾರ ನೋಡಿದ್ದಷ್ಟೇ. ಐದನೇ ಸಂಜೆ ಬಾಯಿ ಬಿಟ್ಟ. ಮಿಲ್ಲಿನ ಸುದ್ದಿ, ಅವ್ವನ ಸುದ್ದಿ, ಸಣ್ಣಾವಿದ್ದಾಗ ಕಾಳಿ ಹೊಳೆಯಲ್ಲಿ ಮುಳುಗಿ ಉಳಿದದ್ದು. ದನಿ ಅಷ್ಟು ಮೆತ್ತಗೆ. ಮಾಲವ್ವ ಕಣ್ಣೊರೆಸಿಕೊಂಡು ಚೀಲ ಬಿಚ್ಚಿದಳು.

ಹತ್ತನೇ ಸಂಜೆ ಅವನು ಕೇಳಿದ, "ಕೆಮ್ಮು ಕಡಿಮಿ ಆತೇನು?"

ಮಾಲವ್ವನಿಗೆ ಕೆಮ್ಮೇ ಇರಲಿಲ್ಲ. ಕೆಮ್ಮಿ ಕೆಮ್ಮಿ ಸತ್ತಾಕಿ ದುರ್ಗವ್ವ. ಆಗ ನೋಡಿದಳು: ಅವನ ಕಣ್ಣು ತನ್ನ ಮುಖದ ಮೇಲಿಲ್ಲ, ಪದಕದ ಮೇಲಿದೆ. ಇಷ್ಟು ಸಂಜೆಯೂ ಅಲ್ಲೇ ಇತ್ತು. ಪದಕ ಏಳುತ್ತ ಇಳಿಯುತ್ತ ಇತ್ತು, ಉಸಿರಾಡುವಾಕಿ ದುರ್ಗವ್ವನೇ ಎಂಬಂತೆ.

ಮುಂದಿನ ಭೇಟಿಯಲ್ಲಿ ಮಾಲವ್ವ ಕೊರಳ ಪದಕ ತೋರಿಸಿ ಅಂದಳು, "ಸಂಸಾರ ಸುಧಾರಿಸೇತ್ರಿ ಮೇಡಂ. ಆದರ ನಂದಲ್ಲ, ಸತ್ತ ಅಕ್ಕಂದು."

ಪುಂಡಲೀಕ ತಲೆ ತಗ್ಗಿಸಿದ. "ಆಕಿ ಹೋಗೂ ಮುಂದ ನಾ ಕೆಲಸದಾಗಿದ್ನಿರಿ. ಮಾತು ಉಳದಾವು."

"ಉಳದದ್ದನ್ನ ಆಕಿಗೇ ಹೇಳ್ರಿ," ಅಂದರು ಮೇಡಂ. "ಇವರ ಕೊರಳಿಗಲ್ಲ."

ಮನೆಗೆ ಬಂದು ಮಾಲವ್ವ ಪದಕ ಬಿಚ್ಚಿ ದೇವರ ಜಗಲಿಯ ಮೇಲಿಟ್ಟು ದೀಪ ಹಚ್ಚಿದಳು. "ಹೋಗ್ರಿ, ಅಕ್ಕನ ಜೋಡಿ ಮಾತಾಡಿ ಬರ್ರಿ. ನಾ ಇಲ್ಲೇ ಕುಂತಿರ್ತೇನಿ. ನನ್ನ ಕಡೆ ಬರಲಿಲ್ಲಂದ್ರ ನಾಳೆ ಮಳಗಿ ಬಸ್ಸು."

ದೇವರಕೋಣೆಯಿಂದ ಪಿಸುಮಾತು ಬಂತು. ನಡುವೆ ಅಳು. ಆಮೇಲೆ ಒಂದು ಸಣ್ಣ ಕೆಮ್ಮು. ಅವನದೋ, ಯಾರದೋ. ಮಾಲವ್ವ ಕುರ್ಚಿ ಗಟ್ಟಿಯಾಗಿ ಹಿಡಿದಳು, ಏಳಲಿಲ್ಲ.

ಅವನು ಬಂದು ಎದುರು ಕೂತ. ಪದಕವಿದ್ದಲ್ಲಿ ಮಾಲವ್ವನ ಕೊರಳ ಮೇಲೆ ದುಂಡಗೆ ಬಿಳಿ ಗುರುತು ಉಳಿದಿತ್ತು. ಅದನ್ನೇ ಬಹಳ ಹೊತ್ತು ನೋಡಿದ. ಮಾಲವ್ವ ಸೆರಗು ಮುಚ್ಚಲಿಲ್ಲ. ಮೆಲ್ಲಗೆ ಅವನ ಕಣ್ಣು ಅವಳ ಮುಖಕ್ಕೆ ಬಂತು, ಹೊಸ ಊರಿಗೆ ಬಂದವನ ಹಾಗೆ.

"ಗದ್ದದ ಮ್ಯಾಲೆ ಮಚ್ಚಿ ಐತಲ್ಲ ನಿನಗ. ಯಾವಾಗಿಂದ?"

"ಹುಟ್ಟಿದಾಗಿಂದ್ರಿ," ಅಂದಳು ಮಾಲವ್ವ.